ತಳ ತಟ್ಟಿ ನೋಡುವುದು

ರಾತ್ರಿಪಾಳಿ ಮುಗಿದಿತ್ತು. ಹುಬ್ಬಿನ ಮೇಲೆ ಇನ್ನೂ ಹಿಟ್ಟು.
ಹಿಲೋ ಪೇಟೆಯಿಂದ ಮನೆ ಕಡೆಯ ಬಸ್ಸಿಗೆ ಹದಿನೈದು ನಿಮಿಷ.
ಸುಮ್ಮನೆ ಒಳಗೆ ಹೋದೆ. ಸುಮ್ಮನೆ ಅಂದರೆ,
ಮೂರು ವಾರ ದಿನಾ ಕಿಟಕಿಯಲ್ಲಿ ನೋಡಿ, ನೋಡದವನ ಹಾಗೆ ದಾಟಿ,
ಇವತ್ತು ಸುಮ್ಮನೆ.

ನಲವತ್ತೆರಡು ಡಾಲರು.
ಮೈತುಂಬ ಕಡುನೀಲಿ, ಸೊಂಟದ ಸುತ್ತ ಮುತ್ತಿನ ಬಣ್ಣದ ಅಂಚು,
ಸದ್ದಿನ ಕಂಡಿಯ ಬಳಿ ಒಂದು ಆಮೆ, ಈಜುತ್ತಾ.
ಇಷ್ಟು ಚೆಲುವಾದದ್ದು ಇಷ್ಟು ಅಗ್ಗವಾದರೆ
ಯಾರಿಗಾದರೂ ಗುಮಾನಿ ಬರಬೇಕು.
ನನಗೂ ಬಂತು. ಜೊತೆಗೇ ಆಸೆಯೂ ಬಂತು,
ಒಂದೇ ಬಾಗಿಲಲ್ಲಿ ಇಬ್ಬರು ನೆಂಟರು ನುಗ್ಗಿದ ಹಾಗೆ.

"ತೆಗೆದು ನೋಡಿ ಅಂಕಲ್, ಕಚ್ಚಲ್ಲ," ಅಂದಳು ನೋಹೆಯಾ,
ಗಲ್ಲಾದ ಹಿಂದೆ ಉಗುರಿಗೆ ಬಣ್ಣ ಹಚ್ಚುತ್ತಾ.

ನೋಡಲು ನನಗೆ ಬರುತ್ತದೆ. ಅದೇ ತೊಂದರೆ.
ಅಜ್ಜ ಜೊವಾಕಿಂ ಕೋವಾ ಮರ ಕೊಯ್ದು, ಕಾಸಿ, ಬಾಗಿಸಿ,
ವರ್ಷಕ್ಕೆ ಹನ್ನೊಂದೋ ಹನ್ನೆರಡೋ ಉಕುಲೇಲೆ ಮಾಡುತ್ತಿದ್ದ.
ಮರ ಕಣ್ಣಿಗೆ ಸುಳ್ಳು ಹೇಳುತ್ತೆ, ಬೆರಳ ಗೆಣ್ಣಿಗೆ ಹೇಳಲ್ಲ, ಅನ್ನುತ್ತಿದ್ದ.

ಕಂಡಿಯ ಅಂಚಲ್ಲಿ ಇಣುಕಿದೆ: ಮೂರು ಪದರ, ನಡುವಿನದು ಅಡ್ಡಡ್ಡ.
ಪ್ಲೈವುಡ್ಡು. ಒಳಗೆ ಅಂಟು ಸೋರಿ ಒಣಗಿದ ಕಲೆ,
ಯಾರದೋ ಅವಸರದ ಸಂಜೆ.
ತಂತಿಗೂ ಮೆಟ್ಟಿಗೂ ನಡುವೆ ಎರಡು ನಾಣ್ಯ ತೂರುವಷ್ಟು ಜಾಗ;
ಒಂದು ಸಾಕಿತ್ತು.
ಹನ್ನೆರಡನೇ ಮೆಟ್ಟಿನಲ್ಲಿ ಒತ್ತಿ ಮೀಟಿದರೆ
ಸ್ವರ ತನ್ನ ಬೀದಿಗೇನೋ ಬಂತು, ಪಕ್ಕದ ಮನೆಯ ಕದ ತಟ್ಟಿತು.
ಬಿರಡೆ ತಿರುಗಿಸಿದೆ. ಕೈ ಬಿಟ್ಟೊಡನೆ ಹಿಂದಕ್ಕೆ ಜಾರಿತು,
ಎಬ್ಬಿಸಿದರೆ ಎದ್ದು ಮತ್ತೆ ಮಲಗುವ ಹುಡುಗನ ಹಾಗೆ.

ಬೇಡ.
ಇಷ್ಟು ದುಡ್ಡಿಗೆ ಬೂಟಿನ ಅಟ್ಟೆ ಬದಲಾಗುತ್ತೆ.
ಐವತ್ತೆಂಟರಲ್ಲಿ, ಒಲೆಬಾಯಿಗೆ ತುದಿ ಸುಟ್ಟು ಜಡ್ಡುಗಟ್ಟಿದ
ಈ ಬೆರಳು, ಕಣಕ ನಾದುವ ಬೆರಳು,
ಆ ಪುಟ್ಟ ಮೆಟ್ಟುಗಳ ನಡುವೆ?
ಆನೆಗೆ ಸೂಜಿದಾರ ಕೊಟ್ಟ ಹಾಗೆ.

ಅಜ್ಜನದೇ ಒಂದು ಇದೆ, ನಿಜ. ಅಕ್ಕ ಫಿಲೊಮೆನಾಳ ಹಜಾರದಲ್ಲಿ,
ಗಾಜಿನ ಪೆಟ್ಟಿಗೆಯೊಳಗೆ.
ಯಾರೋ ಬಂದು ಎಂಟು ಸಾವಿರ ಬಾಳುತ್ತೆ ಅಂದು ಹೋದರು;
ಆಮೇಲೆ ಅದರ ಮೇಲೆ ಯಾರೂ ಕೈಯಿಟ್ಟಿಲ್ಲ.
ಶನಿವಾರ ಶನಿವಾರ ಅಕ್ಕ ಗಾಜು ಒರೆಸುತ್ತಾಳೆ.
ಹನ್ನೆರಡು ವರ್ಷದಿಂದ ಆ ಮೂಲೆಯಲ್ಲಿ ಕೇಳುವ ಸದ್ದು
ಒದ್ದೆ ಬಟ್ಟೆಯ ಕಿರುಗುಟ್ಟು.

ಇದನ್ನಾದರೆ ಹಿಟ್ಟಿನ ಮೇಜಿನ ಮೇಲೆ ಎಸೆಯಬಹುದು.
ಬೀಳಿಸಬಹುದು. ಕಣಕ ಉಬ್ಬಲು ಕಾಯುವ ಆ ಎರಡು ಗಂಟೆ,
ಊರೆಲ್ಲ ಮಲಗಿ, ನಾನೂ ಗಡಿಯಾರವೂ
ಮುಖ ಮುಖ ನೋಡಿಕೊಳ್ಳುವ ಹೊತ್ತಿನಲ್ಲಿ,
ತಪ್ಪು ತಪ್ಪಾಗಿ...

ಗೊತ್ತು. ನೀಲಿಗೆ ಸೋತು ಈಗ ಕಾರಣ ಹೆಣೆಯುತ್ತಿದ್ದೇನೆ.

ಕೊನೆಗೆ ಗೆಣ್ಣಿನಿಂದ ತಟ್ಟಿದೆ, ಆಮೆಯ ಪಕ್ಕ, ಮೆಲ್ಲಗೆ.
ಅಜ್ಜನಿಗೆ ಏನು ಕೇಳುತ್ತಿತ್ತೋ, ನನಗೆ ಕೇಳುವುದಿಲ್ಲ.
ನನಗೆ ಗೊತ್ತಿರುವ ತಟ್ಟು ಒಂದೇ:
ಒಲೆಯಿಂದ ತೆಗೆದ ಬ್ರೆಡ್ಡನ್ನು ಬೋರಲು ಹಾಕಿ ತಳ ತಟ್ಟುವುದು.
ಬೆಂದಿದ್ದರೆ ಡೊಬ್ ಅನ್ನುತ್ತೆ, ಪೊಳ್ಳಾಗಿ, ಧಾರಾಳವಾಗಿ.
ಬೇಯದಿದ್ದರೆ
ತುತ್ತು ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ.

ಇನ್ನೊಮ್ಮೆ ತಟ್ಟಿದೆ.
ಐದು ನಿಮಿಷ ಕಡಿಮೆ.

ಐದು ನಿಮಿಷ ಕಡಿಮೆಯಾದದ್ದನ್ನು ಮಾರಲು ಇಡುವಂತಿಲ್ಲ.
ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತೇನೆ, ಮೂವತ್ತು ವರ್ಷದಿಂದ.
ನಡುವೆ ಕೊಂಚ ಹಸಿ.
ಬೆಣ್ಣೆ ಹಚ್ಚಿದರೆ ಮನೆಯಲ್ಲಿ ಯಾರೂ ಬೇಡ ಅಂದದ್ದಿಲ್ಲ.

"ಬಸ್ಸು ಬಂತು ಅಂಕಲ್," ಅಂದಳು, ಉಗುರಿಗೆ ಊದುತ್ತಾ.
"ಬಿರಡೆ ಜಾರುತ್ತೆ," ಅಂದೆ.
"ಹೂಂ, ಜಾರುತ್ತೆ. ನಲವತ್ತಕ್ಕೆ ಕೊಡ್ತೀನಿ."

ಬಸ್ಸು ಹೋಯಿತು. ಜೇಬಿಗೆ ಕೈ ಹಾಕಿದೆ,
ನೋಟಿನ ಜೊತೆ ಒಂದಿಷ್ಟು ಹಿಟ್ಟೂ ಬಂತು.